ಬ್ರೇಕ್ ಒತ್ತಿದಾಗ ಪೆಡಲ್ ಮುಂದಕ್ಕೆ ಜಾರುತ್ತದೆ: ರೇಸಿಂಗ್ ಸ್ಟಿಯರಿಂಗ್ ಜೋಡಣೆಗೆ ಸಲಹೆ ಬೇಕು

ಪ್ರಶ್ನೆ: ನಾಪೋಕ್ಲು ನಿವಾಸಿ

ಎಲ್ಲರಿಗೂ ನಮಸ್ಕಾರ. ಕಂಪ್ಯೂಟರಿನ ಕಾರ್ ರೇಸಿಂಗ್ ಆಟಕ್ಕಾಗಿ ಎರಡು ತಿಂಗಳ ಹಿಂದೆ ಬೆಂಗಳೂರಿನ ಸ್ನೇಹಿತರೊಬ್ಬರಿಂದ ಬಳಸಿದ ಸ್ಟಿಯರಿಂಗ್ ವೀಲ್ ಮತ್ತು ಮೂರು ಪೆಡಲ್‌ಗಳ ಸೆಟ್ ಒಂದನ್ನು ಕೊಂಡು ತಂದೆ. ಒಳಗಿರುವ ಗೇರ್‌ಗಳ ಮೂಲಕ ಕೈಗೆ ಬಲ ಕೊಡುವ ಬಗೆಯದು. 900 ಡಿಗ್ರಿ, ಅಂದರೆ ಒಂದು ತುದಿಯಿಂದ ಇನ್ನೊಂದು ತುದಿಗೆ ಎರಡೂವರೆ ಸುತ್ತು ತಿರುಗುತ್ತದೆ. ಅಸೆಟ್ಟೊ ಕೋರ್ಸಾ ಎಂಬ ಆಟ ಆಡುತ್ತೇನೆ, ಹೆಚ್ಚಾಗಿ ಅದರಲ್ಲಿರುವ ಇಟಲಿಯ ಮೊಂಜಾ ಟ್ರ್ಯಾಕ್‌ನಲ್ಲಿ.

ನಮ್ಮ ಮನೆಯಲ್ಲಿ ಅಜ್ಜನ ಕಾಲದ ಬೀಟೆ ಮರದ ಮೇಜು ಇದೆ. ಅದರ ಅಂಚು ತುಂಬಾ ದಪ್ಪವಾಗಿರುವುದರಿಂದ ವೀಲಿನ ಕ್ಲಾಂಪ್ ಅದನ್ನು ಹಿಡಿಯುವುದಿಲ್ಲ. ಹಾಗಾಗಿ ತಂಗಿ ಓದುವ ಹಗುರವಾದ ಮೇಜಿಗೆ ಬಿಗಿದಿದ್ದೇನೆ. ತಿರುವಿನಲ್ಲಿ ಮೇಜೇ ಅಲ್ಲಾಡುತ್ತದೆ. ಅದಕ್ಕಿಂತ ದೊಡ್ಡ ತೊಂದರೆ ಪೆಡಲ್‌ಗಳದ್ದು. ಕೋಣೆಯ ನೆಲ ಕೆಂಪು ರೆಡ್ ಆಕ್ಸೈಡ್‌ನದು, ಕನ್ನಡಿಯಂತೆ ನುಣುಪು. ಮುಖ್ಯ ನೇರ ರಸ್ತೆಯ ಕೊನೆಯಲ್ಲಿ ಮೊದಲ ತಿರುವಿಗೆ ಬ್ರೇಕ್ ಒತ್ತಿದೊಡನೆ ಪೆಡಲ್‌ಗಳು ನಾಲ್ಕು ಬೆರಳಿನಷ್ಟು ಮುಂದೆ ಹೋಗುತ್ತವೆ, ಗಾಲಿಗಳಿರುವ ನನ್ನ ಆಫೀಸ್ ಕುರ್ಚಿ ಹಿಂದೆ ಹೋಗುತ್ತದೆ. ಪೆಡಲ್‌ಗಳನ್ನು ಗೋಡೆಗೆ ಆನಿಸಿಟ್ಟರೆ ಮೇಜು ದೂರವಾಗುತ್ತದೆ. ಒಂದು ಸುತ್ತಿಗೂ ಇನ್ನೊಂದು ಸುತ್ತಿಗೂ ಮೂರು ಸೆಕೆಂಡುಗಳಷ್ಟು ವ್ಯತ್ಯಾಸ ಬರುತ್ತಿದೆ.

ಇದನ್ನು ಮಾರಿ, ಸ್ವಲ್ಪ ಹಣ ಸೇರಿಸಿ, ಗೇರ್‌ಗಳಿಲ್ಲದೆ ಮೋಟಾರೇ ನೇರವಾಗಿ ಬಲ ಕೊಡುವ ಡೈರೆಕ್ಟ್ ಡ್ರೈವ್ ವೀಲ್ ಕೊಳ್ಳುವುದು ಒಳ್ಳೆಯದೇ, ಅಥವಾ ಇರುವುದನ್ನೇ ಸರಿಯಾಗಿ ಜೋಡಿಸಿಕೊಳ್ಳಬಹುದೇ? ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ: ಮಡಿಕೇರಿಯ ಮರಗೆಲಸಪ್ರಿಯ

ನಮಸ್ಕಾರ. ದಯವಿಟ್ಟು ಈಗಲೇ ಹೊಸ ವೀಲ್ ಕೊಳ್ಳಬೇಡಿ. ನಿಮ್ಮಲ್ಲಿರುವಂತಹ ಗೇರ್ ವೀಲ್‌ಗಳು ಸಾಮಾನ್ಯವಾಗಿ ಸುಮಾರು 2 ನ್ಯೂಟನ್ ಮೀಟರ್ ತಿರುಗುಬಲ ಕೊಡುತ್ತವೆ. ಡೈರೆಕ್ಟ್ ಡ್ರೈವ್‌ನಲ್ಲಿ ಆರಂಭದ ಮಟ್ಟದವೆಂದು ಹೆಸರಾದ ಮೋಜಾ ಆರ್5 ಎಂಬ ವೀಲ್ 5.5, ಫ್ಯಾನಟೆಕ್ ಸಿಎಸ್ಎಲ್ ಡಿಡಿ ಎಂಬುದು 5 ನ್ಯೂಟನ್ ಮೀಟರ್ ಕೊಡುತ್ತವೆ. 2 ನ್ಯೂಟನ್ ಮೀಟರಿಗೇ ಅಲ್ಲಾಡುವ ಮೇಜು ಅದರ ಎರಡೂವರೆ ಪಟ್ಟು ಬಲವನ್ನು ಹೇಗೆ ತಡೆದುಕೊಂಡೀತು? ಹಣ ಹೋಗುತ್ತದೆ, ಅಲ್ಲಾಟ ಹೆಚ್ಚುತ್ತದೆ, ಬ್ರೇಕ್ ಮಾತ್ರ ಇದ್ದಲ್ಲೇ ಇರುತ್ತದೆ.

ಪೆಡಲ್ ಜಾರುವುದಕ್ಕೆ ನೆಲದ ನುಣುಪು ಅರ್ಧ ಕಾರಣ ಮಾತ್ರ. ಬ್ರೇಕ್ ಒತ್ತಿದಾಗ ನಿಮ್ಮ ಪಾದ ಪೆಡಲನ್ನು ಎಷ್ಟು ಬಲದಿಂದ ಮುಂದಕ್ಕೆ ತಳ್ಳುತ್ತದೆಯೋ ಅಷ್ಟೇ ಬಲದಿಂದ ನಿಮ್ಮ ಬೆನ್ನು ಕುರ್ಚಿಯನ್ನು ಹಿಂದಕ್ಕೆ ತಳ್ಳುತ್ತದೆ. ಪೆಡಲ್‌ಗೊಂದು, ಕುರ್ಚಿಗೊಂದು ಎಂದು ಬೇರೆ ಬೇರೆ ತಡೆ ಹುಡುಕುವ ಬದಲು ಎರಡನ್ನೂ ಒಂದೇ ಹಲಗೆಯ ಮೇಲೆ ನಿಲ್ಲಿಸಿದರೆ ಆ ಎರಡು ಬಲಗಳು ಹಲಗೆಯೊಳಗೇ ಒಂದನ್ನೊಂದು ಹಿಡಿದುಕೊಳ್ಳುತ್ತವೆ, ನೆಲಕ್ಕೆ ಏನೂ ತಲುಪುವುದಿಲ್ಲ. ನಾನು ನಾಲ್ಕೂವರೆ ಅಡಿ ಉದ್ದ, ಎರಡಡಿ ಅಗಲದ 18 ಮಿಲಿಮೀಟರ್ ಪ್ಲೈವುಡ್ ತೆಗೆದುಕೊಂಡು, ಅದು ಬಾಗದಂತೆ ಅಡಿಯಲ್ಲಿ ಉದ್ದಕ್ಕೆ ಎರಡು ಸಿಲ್ವರ್ ಓಕ್ ಪಟ್ಟಿಗಳನ್ನು ಸ್ಕ್ರೂ ಹಾಕಿ ಕೂರಿಸಿದೆ. ತೋಟದಲ್ಲಿ ಮೆಣಸು ಬಳ್ಳಿ ಹಬ್ಬಿಸುವ ಮರವೇ ಇದು. ಕಪಾತಿನ ಹೊತ್ತಿನಲ್ಲಿ ಉಳಿದ ತುಂಡು ನಿಮ್ಮ ಮನೆಯ ಹಿತ್ತಿಲಲ್ಲೂ ಬಿದ್ದಿರಬಹುದು. ಹಲಗೆಯ ಮುಂತುದಿಯಲ್ಲಿ ಪೆಡಲ್‌ಗಳು ಆನಿಕೊಳ್ಳಲು ಒಂದು ಅಡ್ಡಪಟ್ಟಿ, ಹಿಂತುದಿಯಲ್ಲಿ ಕುರ್ಚಿಯ ಹಿಂಗಾಲುಗಳನ್ನು ತಡೆಯಲು ಇನ್ನೊಂದು. ಗಾಲಿಗಳಿರುವ ಕುರ್ಚಿಯನ್ನು ಬಿಟ್ಟು ಊಟದ ಮನೆಯ ನಾಲ್ಕು ಕಾಲಿನ ಮರದ ಕುರ್ಚಿ ಹಾಕಿಕೊಳ್ಳಿ. ಪೆಡಲ್ ಸೆಟ್ಟನ್ನು ಮುಂದೆ ಎತ್ತರ, ಹಿಂದೆ ತಗ್ಗು ಇರುವಂತೆ ಸ್ವಲ್ಪ ಓರೆಯಾಗಿ ಕೂರಿಸಿದರೆ ಹಿಮ್ಮಡಿ ನೆಲಕ್ಕೆ ಒರಗಿ ಪಾದ ದಣಿಯುವುದಿಲ್ಲ. ಅಡಿಯಲ್ಲಿ ಬೋಲ್ಟ್ ರಂಧ್ರಗಳಿದ್ದರೆ ಬಿಗಿಯಿರಿ. ಆದರೆ ಬೋಲ್ಟ್‌ನ ಉದ್ದವನ್ನು ಮೊದಲೇ ಅಳೆದುಕೊಳ್ಳಬೇಕು. ಅಗತ್ಯಕ್ಕಿಂತ ಉದ್ದವಾದದ್ದು ಒಳಗಿನ ಭಾಗಗಳಿಗೆ ತಾಗಿ ಒಡೆಯುತ್ತದೆ.

ಇನ್ನು ಮೇಜು. ಆ ಬೀಟೆ ಮೇಜನ್ನು ಬಿಟ್ಟುಕೊಡಬೇಡಿ, ಆದರೆ ಅದಕ್ಕೆ ಒಂದು ಮೊಳೆಯನ್ನೂ ಹೊಡೆಯಬೇಡಿ. ಅಂತಹ ತೂಕ ಮತ್ತು ನಿಲುವು ಇಂದಿನ ಯಾವ ಮೇಜಿಗೂ ಇಲ್ಲ. ಮೇಜಿನ ಮೇಲೆ ಹಳೆಯ ಕಂಬಳಿಯ ತುಂಡು ಹಾಸಿ, ಅದರ ಮೇಲೆ ಎರಡಡಿ ಉದ್ದದ ಪ್ಲೈವುಡ್ ಇಟ್ಟು, ಮುಂದಿನ ಅಂಚು ಮೇಜಿನಿಂದ ಒಂದು ಗೇಣು ಹೊರಚಾಚುವಂತೆ ಮಾಡಿ, ಬಡಗಿಗಳು ಬಳಸುವ ದೊಡ್ಡ ಸಿ ಕ್ಲಾಂಪ್ ಎರಡರಿಂದ ಮೇಜಿಗೆ ಬಿಗಿಯಿರಿ. ಹೊರಚಾಚಿದ ಪ್ಲೈವುಡ್ ತೆಳುವಾಗಿರುವುದರಿಂದ ವೀಲಿನ ಕ್ಲಾಂಪ್ ಅದನ್ನು ಸುಲಭವಾಗಿ ಹಿಡಿಯುತ್ತದೆ. ಕುಳಿತು ಬೆನ್ನನ್ನು ಕುರ್ಚಿಗೆ ಆನಿಸಿ ಕೈ ಚಾಚಿದಾಗ ಮಣಿಕಟ್ಟು ವೀಲಿನ ಮೇಲಂಚಿನ ಮೇಲೆ ಕೂರಬೇಕು. ಬ್ರೇಕನ್ನು ಪೂರ್ತಿ ಒತ್ತಿದಾಗಲೂ ಮೊಣಕಾಲು ಸ್ವಲ್ಪ ಮಡಿಚಿರಬೇಕು. ಇವೆರಡು ಕೂಡಿ ಬರುವವರೆಗೆ ಅಡ್ಡಪಟ್ಟಿಗಳಿಗೆ ಸ್ಕ್ರೂ ಹಾಕಬೇಡಿ, ಪೆನ್ಸಿಲ್ ಗುರುತು ಮಾತ್ರ ಹಾಕಿಕೊಳ್ಳಿ.

ಉತ್ತರ: ಗೋಣಿಕೊಪ್ಪದ ಹಳೇ ಜೀಪು

ಮೇಲಿನವರು ಹೇಳಿದ್ದು ನೂರಕ್ಕೆ ನೂರು ಸರಿ. ಹಲಗೆ ಸಿದ್ಧವಾದ ಮೇಲೆ ಮಾಡಬೇಕಾದುದನ್ನು ನಾನು ಸೇರಿಸುತ್ತೇನೆ.

ನಿಮಗೆ ತೋಟದ ಜೀಪು ಓಡಿಸಿ ಅಭ್ಯಾಸವಿದ್ದರೆ ನೆನಪಿಸಿಕೊಳ್ಳಿ: ಅದರ ಬ್ರೇಕ್ ಪೆಡಲ್ ಮೊದಲು ಒಂದಷ್ಟು ದೂರ ಸಲೀಸಾಗಿ ಹೋಗುತ್ತದೆ, ಆಮೇಲೆ ಗಟ್ಟಿಯಾಗಿ ನಿಲ್ಲುತ್ತದೆ. ಅಲ್ಲಿಂದ ಮುಂದೆ ಪಾದವು ದೂರವನ್ನು ಅಳೆಯುವುದಿಲ್ಲ, ಎಷ್ಟು ಬಲದಿಂದ ಒತ್ತುತ್ತಿದ್ದೇನೆ ಎಂಬುದನ್ನೇ ಅಳೆಯುತ್ತದೆ. ಮಳೆಗಾಲದಲ್ಲಿ ಇಳಿಜಾರಿನ ಕೆಸರಿನಲ್ಲಿ ಗಾಲಿ ಲಾಕ್ ಆಗದಂತೆ ಜೀಪನ್ನು ನಿಲ್ಲಿಸುವವರಿಗೆ ಈ ಬಲದ ಲೆಕ್ಕ ಮೈಗೆ ಹತ್ತಿರುತ್ತದೆ. ಕಡಿಮೆ ಬೆಲೆಯ ಪೆಡಲ್‌ಗಳಲ್ಲಿ ಇರುವುದು ಪೊಟೆನ್ಷಿಯೋಮೀಟರ್; ಅದು ಪೆಡಲ್ ಎಷ್ಟು ದೂರ ಸರಿಯಿತು ಎಂಬುದನ್ನಷ್ಟೇ ಕಂಪ್ಯೂಟರಿಗೆ ಹೇಳುತ್ತದೆ. ಬಲವನ್ನೇ ಅಳೆಯುವುದು ಲೋಡ್ ಸೆಲ್. ಆದ್ದರಿಂದ ಮುಂದೆ ಎಂದಾದರೂ ಹಣ ಹಾಕುವುದಾದರೆ ವೀಲಿಗಿಂತ ಮೊದಲು ಲೋಡ್ ಸೆಲ್ ಇರುವ ಬ್ರೇಕ್ ಪೆಡಲಿಗೆ ಹಾಕಿ. ಸುತ್ತಿನ ಸಮಯದಲ್ಲಿ ಏರುಪೇರಾಗುವುದು ಬಹುತೇಕ ಬ್ರೇಕಿನಿಂದಲೇ ಹೊರತು ಸ್ಟಿಯರಿಂಗಿನ ಬಲದಿಂದಲ್ಲ.

ಈಗಿನ ಪೆಡಲಿನಲ್ಲೇ ಸಾಕಷ್ಟು ಸುಧಾರಣೆ ಸಾಧ್ಯ. ಕಂಪ್ಯೂಟರಿಗೆ ಜೋಡಿಸಿದ ಮೇಲೆ ಮೂರೂ ಪೆಡಲ್‌ಗಳನ್ನು ಒಮ್ಮೆ ಪೂರ್ತಿ ಒತ್ತಿ ಬಿಡಿ. ಅನೇಕ ಸೆಟ್‌ಗಳು ತಮ್ಮ ಪೂರ್ಣ ವ್ಯಾಪ್ತಿಯನ್ನು ತಿಳಿದುಕೊಳ್ಳುವುದೇ ಹಾಗೆ. ಅಸೆಟ್ಟೊ ಕೋರ್ಸಾದಲ್ಲಿ ಬ್ರೇಕ್ ಗಾಮಾ ಎಂಬ ಆಯ್ಕೆಯಿದೆ. ಅದು 1 ಇದ್ದರೆ ಅರ್ಧ ಒತ್ತಿಗೆ ಅರ್ಧ ಬ್ರೇಕ್. 2 ಇದ್ದರೆ ಅರ್ಧ ಒತ್ತಿಗೆ ಕಾಲು ಭಾಗ ಮಾತ್ರ. ಗಾಲಿ ಲಾಕ್ ಆಗದಂತೆ ತಡೆಯುವ ಎಬಿಎಸ್ ವ್ಯವಸ್ಥೆ ಇಲ್ಲದ ಹಳೆಯ ಕಾರುಗಳಲ್ಲಿ ಗಾಲಿ ಬೇಗನೆ ಲಾಕ್ ಆಗುತ್ತಿದ್ದರೆ ಇದನ್ನು ಸ್ವಲ್ಪ ಸ್ವಲ್ಪವೇ ಏರಿಸಿ. ಒಂದು ಸಂಖ್ಯೆ ಒಗ್ಗಿದ ಮೇಲೆ ವಾರಗಟ್ಟಲೆ ಅದನ್ನು ಮುಟ್ಟಬೇಡಿ, ಪಾದಕ್ಕೆ ಕಲಿಯಲು ಸಮಯ ಕೊಡಿ.

ಫೋರ್ಸ್ ಫೀಡ್‌ಬ್ಯಾಕ್, ಅಂದರೆ ವೀಲ್ ಕೈಗೆ ಕೊಡುವ ಬಲದ ವಿಷಯದಲ್ಲಿ ಬಹಳ ಜನ ಮಾಡುವ ತಪ್ಪೆಂದರೆ ಅದನ್ನು ಏರಿಸಿ ಇಳಿಸುವ ಗೇನ್ ಅನ್ನು ತುದಿಗೇರಿಸುವುದು. ಹಬ್ಬದ ಮೈಕಿನ ಧ್ವನಿಯನ್ನು ಮಿತಿಮೀರಿ ಏರಿಸಿದಾಗ ಹಾಡು ಕರಕರ ಎಂದು ಒಡೆದು, ಪದವೇ ಕೇಳಿಸದಂತಾಗುವುದಿಲ್ಲವೇ? ಇದೂ ಹಾಗೆಯೇ. ಮೋಟಾರಿನ ಶಕ್ತಿಗಿಂತ ಹೆಚ್ಚಿನ ಬಲವನ್ನು ಆಟ ಕೇಳಿದರೆ ವೀಲ್ ಒಂದೇ ಸಮನೆ ಬಿಗಿಯಾಗಿ ಉಳಿಯುತ್ತದೆ. ಟೈರ್ ಹಿಡಿತ ಬಿಡುವ ಕ್ಷಣದಲ್ಲಿ ಕೈಗೆ ಬರಬೇಕಾದ ಹಗುರತನ ಕಳೆದುಹೋಗುತ್ತದೆ. ಇದನ್ನು ಕ್ಲಿಪ್ಪಿಂಗ್ ಎನ್ನುತ್ತಾರೆ. ಆಟದ ಪರದೆಯ ಮೇಲೆ ಪೆಡಲ್‌ಗಳನ್ನು ತೋರಿಸುವ ಪುಟ್ಟ ಕಿಟಕಿಯನ್ನು ತೆರೆದಿಡಿ. ಅದರಲ್ಲಿ ಫೋರ್ಸ್ ಫೀಡ್‌ಬ್ಯಾಕ್ ಪಟ್ಟಿ ಬೂದು ಬಣ್ಣದಲ್ಲಿರುತ್ತದೆ, ಮಿತಿ ದಾಟಿದಾಗ ಕೆಂಪಾಗುತ್ತದೆ. ವೇಗದ ತಿರುವುಗಳಲ್ಲಿ ಅದು ಕೆಂಪಾಗಿಯೇ ನಿಲ್ಲುತ್ತಿದ್ದರೆ ಗೇನ್ ಇಳಿಸಿ. ಗೇರ್ ವೀಲ್‌ಗಳಲ್ಲಿ ನಡುವೆ ಸ್ವಲ್ಪ ಜೀವವಿಲ್ಲದಂತಹ ಜಾಗ ಇರುವುದರಿಂದ ಸಣ್ಣ ಬಲಗಳೂ ಕೈಗೆ ತಿಳಿಯುವಂತೆ ಮಾಡುವ ಮಿನಿಮಮ್ ಫೋರ್ಸ್ ಎಂಬ ಆಯ್ಕೆಯನ್ನು ಸ್ವಲ್ಪ ಕೊಡಬೇಕಾಗುತ್ತದೆ. ಕೈಬಿಟ್ಟಾಗ ವೀಲ್ ನಡುವಿನಲ್ಲಿ ಗಡಗಡ ನಡುಗಲು ಶುರುವಾದರೆ ಅದು ಹೆಚ್ಚಾಯಿತು ಎಂದರ್ಥ. ಕಂಪ್ಯೂಟರಿನಲ್ಲಿರುವ ವೀಲಿನ ಡ್ರೈವರ್ ತಂತ್ರಾಂಶದಲ್ಲೂ ಆಟದಲ್ಲೂ 900 ಡಿಗ್ರಿಯನ್ನೇ ಇಡಿ. ಪ್ರತಿ ಕಾರಿಗೆ ತಕ್ಕ ಮಿತಿಯನ್ನು ಆಟವೇ ನೋಡಿಕೊಳ್ಳುತ್ತದೆ.

ಕೊನೆಯದಾಗಿ ಪರದೆಯ ನೋಟದ ಕೋನ. 27 ಇಂಚಿನ ಮಾನಿಟರ್ ಸುಮಾರು 34 ಸೆಂಟಿಮೀಟರ್ ಎತ್ತರವಿರುತ್ತದೆ. ಕಣ್ಣಿನಿಂದ 70 ಸೆಂಟಿಮೀಟರ್ ದೂರದಲ್ಲಿದ್ದರೆ ಆಟದಲ್ಲಿ ಮೇಲಿನಿಂದ ಕೆಳಗಿನವರೆಗಿನ ನೋಟದ ಕೋನವನ್ನು ಸುಮಾರು 27 ಡಿಗ್ರಿಗೆ ಇಡಬೇಕು. ಮೊದಲ ದಿನ ಕೊಳವೆಯೊಳಗಿಂದ ನೋಡಿದಂತೆ ಅನಿಸುತ್ತದೆ, ಸಹಿಸಿಕೊಳ್ಳಿ. ಈ ಕೋನವನ್ನು ಬೇಕಾದಂತೆ ದೊಡ್ಡದು ಮಾಡಿದರೆ ತಿರುವುಗಳು ನಿಜಕ್ಕಿಂತ ದೂರದಲ್ಲಿರುವಂತೆ ಕಂಡು, ಬ್ರೇಕ್ ಒತ್ತುವ ಜಾಗದ ಅಂದಾಜು ತಪ್ಪುತ್ತದೆ.

ಮರುಪ್ರಶ್ನೆ: ನಾಪೋಕ್ಲು ನಿವಾಸಿ

ಇಬ್ಬರಿಗೂ ತುಂಬು ಹೃದಯದ ಧನ್ಯವಾದಗಳು. ಇನ್ನೊಂದು ಸಂದೇಹವಿದೆ. ಒಂದು ವಾರದಿಂದ ನಾನು ಕಾಲು ತೆಗೆದಿದ್ದರೂ ಆಟದ ಪರದೆಯಲ್ಲಿ ಬ್ರೇಕ್ ಎಷ್ಟು ಒತ್ತಿದೆ ಎಂದು ತೋರಿಸುವ ಪಟ್ಟಿ ಸ್ವಲ್ಪ ಏರುತ್ತಾ ಇಳಿಯುತ್ತಾ ಮಿನುಗುತ್ತದೆ. ವೀಲಿನ ಚರ್ಮದ ಮೇಲೆ ಬಿಳಿ ಬೂಷ್ಟು ಕೂಡ ಕಾಣಿಸಿಕೊಂಡಿದೆ. ಮಳೆಯ ತೇವವೇ ಕಾರಣವೇ?

ಉತ್ತರ: ಸೋಮವಾರಪೇಟೆಯಿಂದ

ಹೌದು, ಮುಖ್ಯವಾಗಿ ತೇವ ಮತ್ತು ಧೂಳು. ಪೊಟೆನ್ಷಿಯೋಮೀಟರ್ ಒಳಗೆ ತೆಳುವಾದ ಪಟ್ಟಿಯ ಮೇಲೆ ಒಂದು ಸಣ್ಣ ಸಂಪರ್ಕ ತುದಿ ಸರಿದಾಡುತ್ತದೆ. ಅಲ್ಲಿ ಕೊಳೆ ಕೂತರೆ ಸಂಕೇತ ಕುಣಿಯುತ್ತದೆ. ಎಲ್ಲ ತಂತಿಗಳ ಪ್ಲಗ್ ಬಿಡಿಸಿ, ಎಲೆಕ್ಟ್ರಾನಿಕ್ ಅಂಗಡಿಗಳಲ್ಲಿ ಸಿಗುವ ಕಾಂಟ್ಯಾಕ್ಟ್ ಕ್ಲೀನರ್ ಅನ್ನು ಅದರ ಸಂದಿಯೊಳಗೆ ಸ್ವಲ್ಪವೇ ಸಿಂಪಡಿಸಿ, ಪೆಡಲನ್ನು ಇಪ್ಪತ್ತು ಮೂವತ್ತು ಸಲ ಒತ್ತಿ ಬಿಟ್ಟು, ಪೂರ್ತಿ ಒಣಗಿದ ಮೇಲೆ ಜೋಡಿಸಿ. ಹೊಲಿಗೆ ಯಂತ್ರದ ಎಣ್ಣೆಯನ್ನಾಗಲಿ ತುಕ್ಕು ಬಿಡಿಸುವ ಎಣ್ಣೆಯನ್ನಾಗಲಿ ದಯವಿಟ್ಟು ಹಾಕಬೇಡಿ, ಅದು ಇನ್ನಷ್ಟು ಧೂಳನ್ನು ಹಿಡಿದುಕೊಳ್ಳುತ್ತದೆ. ಆಮೇಲೂ ಸ್ವಲ್ಪ ಮಿನುಗಿದರೆ ಬ್ರೇಕಿನ ಆರಂಭದಲ್ಲಿ ನೂರಕ್ಕೆ ಎರಡು ಮೂರರಷ್ಟು ಡೆಡ್ ಝೋನ್, ಅಂದರೆ ಆಟ ಲೆಕ್ಕಕ್ಕೆ ತೆಗೆದುಕೊಳ್ಳದ ಭಾಗ, ಇಟ್ಟರೆ ಸಾಕು. ಹಾಗೆಯೇ ಬಿಟ್ಟರೆ ನೇರ ರಸ್ತೆಯುದ್ದಕ್ಕೂ ಬ್ರೇಕ್ ಸ್ವಲ್ಪ ಹಿಡಿದುಕೊಂಡೇ ಇದ್ದು ಕಾರಿನ ವೇಗ ಕುಗ್ಗುತ್ತದೆ.

ಬೂಷ್ಟನ್ನು ಒಣ ಬಟ್ಟೆಯಲ್ಲಿ ಒರೆಸಿ. ಪ್ಲಾಸ್ಟಿಕ್ ಹೊದಿಕೆ ಹಾಕಿದರೆ ತೇವ ಒಳಗೇ ಕೂರುತ್ತದೆ. ಹತ್ತಿಯ ಪಂಚೆ ಹೊದಿಸಿಡುವುದು ಮೇಲು.

ವಿದ್ಯುತ್ತಿನ ವಿಷಯದಲ್ಲೂ ಎಚ್ಚರಿಕೆ ಬೇಕು. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯಲ್ಲಿ ಸ್ವಿಚ್ ಆರಿಸಿದರೆ ಸಾಲದು, ವೀಲಿನ ಅಡಾಪ್ಟರನ್ನು ಪ್ಲಗ್ಗಿನಿಂದಲೇ ಕೀಳಬೇಕು. ಆಟದ ನಡುವೆ ಕರೆಂಟು ಹೋಗಿ ಬಂದರೆ ವೀಲ್ ತಾನಾಗಿ ಎರಡೂ ತುದಿಗೆ ರಭಸದಿಂದ ತಿರುಗಿ ತನ್ನ ನಡುವನ್ನು ಹುಡುಕಿಕೊಳ್ಳುತ್ತದೆ. ಆಗ ಕೈ ಇಟ್ಟು ತಡೆದರೆ ನಡುವೇ ತಪ್ಪಿಹೋಗುತ್ತದೆ, ಬೆರಳಿಗೂ ಪೆಟ್ಟು. ಕಂಪ್ಯೂಟರಿಗೆ ಯುಪಿಎಸ್ ಇದ್ದರೆ ವೀಲನ್ನೂ ಅದಕ್ಕೇ ಸೇರಿಸಿ.

ಪ್ರತಿಕ್ರಿಯೆ: ನಾಪೋಕ್ಲು ನಿವಾಸಿ

ಎರಡು ಭಾನುವಾರ ಕೂತು ಹಲಗೆ ಮುಗಿಸಿದೆವು. ಅಪ್ಪನೇ ಪಟ್ಟಿಗಳನ್ನು ಉಜ್ಜಿ ಕೊಟ್ಟರು. ಬೀಟೆ ಮೇಜಿನ ಮೇಲೆ ಕಂಬಳಿ, ಪ್ಲೈವುಡ್, ಎರಡು ಸಿ ಕ್ಲಾಂಪ್. ವೀಲನ್ನು ಎಷ್ಟು ರಭಸದಿಂದ ತಿರುಗಿಸಿದರೂ ಮೇಜಿನ ಮೇಲಿಟ್ಟ ಲೋಟದ ನೀರು ಅಲುಗುವುದಿಲ್ಲ. ಕ್ಲೀನರ್ ಹಾಕಿದ ಮೇಲೆ ಬ್ರೇಕ್ ಪಟ್ಟಿ ಸೊನ್ನೆಯಲ್ಲೇ ನಿಂತಿದೆ. ಗಾಮಾ 1.6ಕ್ಕೆ ಒಗ್ಗಿಕೊಂಡಿದ್ದೇನೆ. ನಿನ್ನೆ ರಾತ್ರಿ ಮೊಂಜಾದಲ್ಲಿ ಸತತ ಹತ್ತು ಸುತ್ತು ಓಡಿಸಿದೆ, 5.793 ಕಿಲೋಮೀಟರಿನ ಸುತ್ತಿನಲ್ಲಿ ಅತಿ ವೇಗದ್ದಕ್ಕೂ ಅತಿ ನಿಧಾನದ್ದಕ್ಕೂ ಒಂದು ಸೆಕೆಂಡಿಗಿಂತ ಕಡಿಮೆ ಅಂತರ. ಮೊದಲ ತಿರುವಿಗೆ ಪ್ರತಿ ಸಲವೂ ಅದೇ ಫಲಕದ ಬಳಿ ಬ್ರೇಕ್ ಒತ್ತಲು ಸಾಧ್ಯವಾಯಿತು. ವೀಲ್ ಮಾರುವ ಯೋಚನೆ ಬಿಟ್ಟಿದ್ದೇನೆ. ಕಾಫಿ ಕೊಯ್ಲು ಮುಗಿದ ಮೇಲೆ ಲೋಡ್ ಸೆಲ್ ಪೆಡಲಿಗಾಗಿ ಹಣ ಕೂಡಿಡುತ್ತೇನೆ.