ಸಹಾಯ ಬೇಕು: ಇಲಿಗೆ ನಿಜವಾಗಿ ಸುಸ್ತಾಗಿದೆ ಅಂತ ಹೇಗೆ ತಿಳಿಯೋದು?

ಪುಣೆಯಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ, ಊರು ಧಾರವಾಡ. ಇಲಿಗಳನ್ನು ಟ್ರೆಡ್‌ಮಿಲ್ ಮೇಲೆ ಓಡಿಸಿ ಎಷ್ಟು ಹೊತ್ತು ದಮ್ಮು ಇರುತ್ತದೆ ಅಂತ ಅಳೆಯಬೇಕು. ನಿಮಿಷಕ್ಕೆ 10 ಮೀಟರ್‌ನಿಂದ ಶುರು ಮಾಡಿ ನಿಧಾನಕ್ಕೆ ವೇಗ ಏರಿಸುತ್ತೇನೆ. 3 ದಿನ ಅಭ್ಯಾಸವನ್ನೂ ಮಾಡಿಸಿದ್ದೇನೆ. ಆದರೂ ಒಂದು ಇಲಿ ಹತ್ತೇ ನಿಮಿಷಕ್ಕೆ ಟ್ರೆಡ್‌ಮಿಲ್ ಹಿಂದಿರುವ, ಓಟ ನಿಲ್ಲಿಸಿದರೆ ಸಣ್ಣ ಕರೆಂಟ್ ಶಾಕ್ ಕೊಡುವ ಕಂಬಿಗಳ ಮೇಲೆ ಹೋಗಿ ಕೂತುಬಿಡುತ್ತದೆ, ಏದುಸಿರಿಲ್ಲ, ಮೀಸೆ ಮಾತ್ರ ಅಲುಗುತ್ತಿರುತ್ತದೆ. ಇದು ಸುಸ್ತಲ್ಲ, ಓಡೋಕೆ ಮನಸ್ಸಿಲ್ಲ, ಅಲ್ವಾ? ಶಾಕ್ ಜಾಸ್ತಿ ಮಾಡೋಕೆ ನನಗೆ ಸುತರಾಂ ಇಷ್ಟವಿಲ್ಲ. ಹೆದರಿ ಓಡಿದರೆ ದಮ್ಮಿನ ಲೆಕ್ಕ ಎಲ್ಲಿ ಸಿಗುತ್ತದೆ? ಶಾಕ್ ಬದಲು ಮೆತ್ತನೆ ಬ್ರಷ್‌ನಿಂದ ತಟ್ಟಿ ಓಡಿಸಿದವರು, ಓಟ ನಿಂತ ಕೂಡಲೇ ಬಾಲದ ರಕ್ತದಲ್ಲಿ ಲ್ಯಾಕ್ಟೇಟ್ (ಜೋರಾಗಿ ಓಡಿದಾಗ ರಕ್ತದಲ್ಲಿ ಏರುವ ಪದಾರ್ಥ) ನೋಡಿದವರು ಇದ್ದರೆ ದಯವಿಟ್ಟು ಹೇಳಿ. ಇಲಿ ರಾತ್ರಿ ಚುರುಕಾಗಿರೋ ಪ್ರಾಣಿ, ನಾನು ಬೆಳಗ್ಗೆ ಓಡಿಸೋದೇ ತಪ್ಪಾ? ಪುಣೆಯ ಔಂಧ್, ಪಾಷಾಣ್ ಕಡೆ ಇರುವವರಾದರೆ ನಾನೇ ಬಂದು ಭೇಟಿ ಮಾಡುತ್ತೇನೆ.