ಸ್ಪೆಸಿಮೆನ್, ಸ್ಯಾಂಪಲ್, ಟೈಪ್: ಮೂರಕ್ಕೂ ‘ಮಾದರಿ’ಯೇ?

ನಿಸರ್ಗ ಇತಿಹಾಸದ ವಸ್ತುಸಂಗ್ರಹಾಲಯವೊಂದರ ಹಳೆಯ ಸಂಗ್ರಹಗಳಿಗೆ ಸೂಚಿ ಸಿದ್ಧಪಡಿಸಿ ಅವನ್ನು ಡಿಜಿಟಲೀಕರಿಸುವ ಕ್ರಮವನ್ನು ಕನ್ನಡದಲ್ಲಿ ವಿವರಿಸಲು ಹೊರಟರೆ, ‘ಮಾದರಿ’ ಎಂಬ ಒಂದೇ ಪದವನ್ನು ಮೂರು ಅರ್ಥಗಳಲ್ಲಿ ಬಳಸಬೇಕಾಗಿ ಬರುತ್ತದೆ. ಒಣಗಿಸಿ ಹಾಳೆಗೆ ಅಂಟಿಸಿದ ಗಿಡ, ಪಿನ್ನು ಚುಚ್ಚಿಟ್ಟ ಕೀಟ, ಮದ್ಯಸಾರದಲ್ಲಿಟ್ಟ ಮೀನು ಇವೆಲ್ಲ ಸ್ಪೆಸಿಮೆನ್‌ಗಳು. ಅವುಗಳಿಂದ ಪರೀಕ್ಷೆಗೆಂದು ಕತ್ತರಿಸಿ ತೆಗೆದ ತುಣುಕು ಸ್ಯಾಂಪಲ್. ಪ್ರಭೇದವೊಂದರ ವೈಜ್ಞಾನಿಕ ಹೆಸರಿಗೆ ಆಧಾರವಾಗಿ ನಿಲ್ಲುವ ಸ್ಪೆಸಿಮೆನ್ ಟೈಪ್. ಮೂರನ್ನೂ ಮಾದರಿ ಎಂದರೆ ‘ಮಾದರಿ ಮಾದರಿಯಿಂದ ತೆಗೆದ ಮಾದರಿ’ ಎಂದು ಬರೆಯಬೇಕಾದೀತು.

ಇವುಗಳಲ್ಲಿ ಹೆಚ್ಚು ತೊಡಕಿರುವುದು ಟೈಪ್‌ನಲ್ಲಿ. ‘ಮಾದರಿ ಶಾಲೆ’, ‘ಮಾದರಿ ರೈತ’ ಎಂಬ ಬಳಕೆಗಳಲ್ಲಿ ಈ ಪದಕ್ಕೆ ಅನುಕರಣೀಯವಾದದ್ದು ಎಂಬ ಅರ್ಥವಿದೆ. ಆದರೆ ಟೈಪ್ ತನ್ನ ಪ್ರಭೇದದ ಲಕ್ಷಣಗಳನ್ನು ಚೆನ್ನಾಗಿ ಪ್ರತಿನಿಧಿಸಬೇಕೆಂಬ ನಿಯಮವೇನೂ ಇಲ್ಲ. ಅದು ಎಳೆಯ ಜೀವಿಯಾಗಿರಬಹುದು, ರೆಕ್ಕೆ ಮುರಿದ ಚಿಟ್ಟೆಯೂ ಆಗಿರಬಹುದು. ಹೆಸರಿಗೆ ಆಧಾರವಾಗಿರುವುದಷ್ಟೇ ಅದರ ಕೆಲಸವಾದ್ದರಿಂದ ‘ನಾಮಾಧಾರ’ ಎಂಬ ಪದ ನನಗೆ ಹಿಡಿಸಿತ್ತು. ಪ್ರಭೇದಕ್ಕೆ ಹೆಸರಿಟ್ಟ ಮೂಲ ಲೇಖಕನೇ ಗೊತ್ತುಪಡಿಸಿದ ಒಂದೇ ಸ್ಪೆಸಿಮೆನ್ ಆದ ಹೋಲೋಟೈಪ್‌ಗೂ, ಅವನು ಹಾಗೆ ಒಂದನ್ನೇ ಗೊತ್ತುಪಡಿಸದೆ ಬಿಟ್ಟಾಗ ಮುಂದಿನವರು ಆರಿಸುವ ಲೆಕ್ಟೋಟೈಪ್‌ಗೂ ಅದು ಹೊಂದುತ್ತದೆ. ಹೋಲೋಟೈಪ್ ಜೊತೆಗೆ ಮೂಲ ಲೇಖಕನು ಉಲ್ಲೇಖಿಸಿದ ಇತರ ಸ್ಪೆಸಿಮೆನ್ ಆದ ಪ್ಯಾರಾಟೈಪ್‌ಗೆ ಮಾತ್ರ ಹೊಂದುವುದಿಲ್ಲ, ಏಕೆಂದರೆ ಪ್ಯಾರಾಟೈಪ್ ಹೆಸರಿಗೆ ಆಧಾರವಲ್ಲ. ಇಡೀ ಗುಂಪಿಗೆ ‘ಟೈಪ್’ ಎಂಬುದನ್ನೇ ಉಳಿಸಿಕೊಂಡು, ನಾಮಾಧಾರವನ್ನು ಅದರ ವಿಶೇಷಣವಾಗಿ ಬಳಸುವುದು ಸರಿಯಾದೀತೇ?

ಎರಡನೆಯ ಸಂದೇಹ ಕಾಗದಪತ್ರಗಳ ಕುರಿತದ್ದು. ಲೇಖಕನು ನಿಜಕ್ಕೂ ಯಾವ ಸ್ಪೆಸಿಮೆನ್ನನ್ನು ನೋಡಿದ್ದನೆಂದು ತಿಳಿಯಲು ಅವನ ಪತ್ರಗಳನ್ನೂ ಕ್ಷೇತ್ರಕಾರ್ಯದ ಟಿಪ್ಪಣಿ ಪುಸ್ತಕಗಳನ್ನೂ ನೋಡಬೇಕಾಗುವುದರಿಂದ ಅವುಗಳ ಡಿಜಿಟಲೀಕರಣಕ್ಕೆ ಮಹತ್ವವಿದೆ. ಪುಟದ ಚಿತ್ರ ತೆಗೆಯುವುದು ಒಂದು ಕೆಲಸ, ಅದರಲ್ಲಿರುವ ಕೈಬರಹವನ್ನು ಓದಿ ಅಕ್ಷರಕ್ಕಿಳಿಸುವುದು ಇನ್ನೊಂದು. ಎರಡನೆಯದನ್ನು ಹಲವರು ‘ಲಿಪ್ಯಂತರ’ ಎನ್ನುತ್ತಾರೆ. ಒಂದು ಲಿಪಿಯಿಂದ ಮತ್ತೊಂದು ಲಿಪಿಗೆ ಬದಲಿಸುವುದು ಲಿಪ್ಯಂತರವಾದ್ದರಿಂದ ಈ ಬಳಕೆಯನ್ನು ನಾನು ಒಪ್ಪಲಾರೆ. ಓಲೆಗರಿಗಳ ಪರಂಪರೆಯಲ್ಲಿ ‘ಪ್ರತಿ ಮಾಡುವುದು’ ಎಂಬ ಮಾತೇ ಇದೆಯಲ್ಲ! ಆದರೆ ಇಂದಿನ ಓದುಗರಿಗೆ ಅದು ಜೆರಾಕ್ಸ್ ತೆಗೆಯುವುದೆಂದು ಕೇಳಿಸೀತೆಂಬ ಅಳುಕೂ ಇದೆ.

ಇದಕ್ಕೆ ಹೊಂದಿಕೊಂಡೇ ಇನ್ನೊಂದು ಪದ ಬೇಕಾಗಿದೆ. ಜೀವವೈವಿಧ್ಯದ ಮಾಹಿತಿ ಹಂಚಿಕೆಗೆ ಬಳಕೆಯಲ್ಲಿರುವ ‘ಡಾರ್ವಿನ್ ಕೋರ್’ ಮಾನಕದಲ್ಲಿ, ಸ್ಪೆಸಿಮೆನ್ ಜೊತೆಗಿರುವ ಚೀಟಿಯ ಮೇಲೆ ಅದು ಸಿಕ್ಕ ಸ್ಥಳವನ್ನು ಹೇಗೆ ಬರೆದಿದೆಯೋ ಹಾಗೆಯೇ, ಕಾಗುಣಿತದ ತಪ್ಪನ್ನೂ ತಿದ್ದದೆ, ನಮೂದಿಸಲು ಒಂದು ಅಂಕಣವಿದೆ. ಪರಿಶೀಲಿಸಿ ಅರ್ಥೈಸಿದ ಸ್ಥಳಕ್ಕೆ ಬೇರೆಯೇ ಅಂಕಣವಿದೆ. ಮೊದಲನೆಯದನ್ನು ‘ಯಥಾವತ್ ಸ್ಥಳ’ ಎಂದರೆ ಸ್ಥಳವೇ ಯಥಾವತ್ತಾಗಿ ಉಳಿದಿದೆಯೆಂಬ ಅರ್ಥ ಬರುತ್ತದೆ. ‘ಚೀಟಿಯಲ್ಲಿರುವಂತೆ ಸ್ಥಳ’ ಎಂಬುದು ಉದ್ದವಾದರೂ ಸ್ಪಷ್ಟವಾಗಿದೆ. ಇದಕ್ಕಿಂತ ಚಿಕ್ಕದಾದ, ಅಂಕಣದ ತಲೆಬರಹದಲ್ಲಿ ಕೂರುವಂಥ ಪದ ಎಲ್ಲಾದರೂ ಬಳಕೆಯಲ್ಲಿದ್ದರೆ, ಬಲ್ಲವರು ಪ್ರಯೋಗಸಹಿತ ತಿಳಿಸಬೇಕೆಂದು ಕೋರುತ್ತೇನೆ.