ಮುದ್ದೆ ಅಗಿಯದೆ ನುಂಗಿದರೆ ಜೀರ್ಣ ಆಗೋದು ಎಲ್ಲಿ?

ಹಿತ್ಲಮನೆ:
ಜೀರ್ಣಕ್ರಿಯೆ ಬಾಯಲ್ಲೇ ಶುರು, ಚೆನ್ನಾಗಿ ಅಗಿದು ತಿನ್ನಿ ಅಂತ ಶಾಲೆ ಪುಸ್ತಕ ಹೇಳುತ್ತೆ. ರಾಗಿ ಮುದ್ದೆನ ಮಾತ್ರ ಸಾರಲ್ಲಿ ಅದ್ದಿ ಹಾಗೇ ನುಂಗ್ತೀವಿ. ಎಂಜಲೇ ಸರಿಯಾಗಿ ಬೆರೆಯದಿದ್ದರೆ ಪಿಷ್ಟ ಒಡೆಯೋದು ಎಲ್ಲಿ? ಇನ್ನೊಂದು, ಹುರುಳಿ ಬಸ್ಸಾರಿನ ಜೊತೆ ಉಂಡಾಗ ಹೊಟ್ಟೆ ಉಬ್ಬೋದು ಮುದ್ದೆಯಿಂದಲೋ, ಕಾಳಿಂದಲೋ?

ಕೆರೆಏರಿ:
ಅಗಿಯೋದು ಯಾಕೆ ಅಂತ ನೋಡಿದರೆ ಅರ್ಧ ಉತ್ತರ ಸಿಗುತ್ತೆ. ಚೂರು ಮಾಡಬೇಕು, ಒದ್ದೆ ಮಾಡಬೇಕು, ಎಂಜಲಿನ ಅಮೈಲೇಸ್ (ಪಿಷ್ಟ ಒಡೆಯೋ ಕಿಣ್ವ) ಬೆರೆಸಬೇಕು. ಮುದ್ದೆಗೆ ಮೊದಲನೇದನ್ನ ಮಿಲ್ಲೇ ಮಾಡಿ ಮುಗಿಸಿದೆ, ಎರಡನೇದಕ್ಕೆ ಸಾರಿದೆ. ಕುದಿಯೋ ಎಸರಲ್ಲಿ ಬೆಂದಾಗ ಪಿಷ್ಟದ ಕಣ ನೀರು ಕುಡಿದು ಉಬ್ಬಿ ಸಡಿಲ ಆಗಿರುತ್ತೆ, ಅದನ್ನ ಒಡೆಯೋದು ಸುಲಭ. ಕೈತಪ್ಪೋದು ಎಂಜಲಿನ ಅಮೈಲೇಸ್ ಒಂದೇ. ಅದೂ ಜಠರದ ಆಮ್ಲ ತಾಗಿದ ಮೇಲೆ ಹೆಚ್ಚು ಹೊತ್ತು ನಿಲ್ಲಲ್ಲ.

ಜಠರದ ಕೆಳಭಾಗ ನಿಮಿಷಕ್ಕೆ ಸುಮಾರು 3 ಸಲ ಹಿಂಡುತ್ತೆ. ಮುದ್ದೆಯ ತುತ್ತು ಅಲ್ಲೇ ಅರೆದು ಗಂಜಿ ಆಗೋದು. 1-2 ಮಿಲಿಮೀಟರ್‌ಗಿಂತ ದಪ್ಪ ಇರೋದನ್ನ ಕೆಳಗಿನ ಬಾಗಿಲು ಸುಲಭಕ್ಕೆ ಬಿಡಲ್ಲ, ವಾಪಸ್ ತಳ್ಳುತ್ತೆ. ಆಚೆ ಸಣ್ಣ ಕರುಳಿನ ಮೊದಲ ಭಾಗಕ್ಕೆ ಮೇದೋಜೀರಕ ಗ್ರಂಥಿಯ ರಸ ಸುರಿಯುತ್ತೆ, ದಿನಕ್ಕೆ 1ರಿಂದ 1.5 ಲೀಟರ್. ಅದರಲ್ಲಿರೋ ಬೈಕಾರ್ಬನೇಟ್ ಆಮ್ಲದ ಹುಳಿ ಮುರಿಯುತ್ತೆ, ಅಮೈಲೇಸ್ ಪಿಷ್ಟವನ್ನ ಮಾಲ್ಟೋಸ್‌ನಂಥ ತುಂಡುಗಳಾಗಿ ಕತ್ತರಿಸುತ್ತೆ. ಕರುಳಿನ ಗೋಡೆಗೇ ಅಂಟಿಕೊಂಡಿರೋ ಕಿಣ್ವಗಳು ಅದನ್ನ ಗ್ಲೂಕೋಸ್ ಮಾಡಿದ ಮೇಲೇ ರಕ್ತಕ್ಕೆ ಸೇರೋದು, ಅಲ್ಲಿಂದ ನೇರ ಲಿವರ್‌ಗೆ. ಪಿಷ್ಟದ ಮುಖ್ಯ ಕೆಲಸ ಯಾವತ್ತೂ ಇಲ್ಲೇ, ಅನ್ನ ಅಗಿದು ಉಂಡರೂ ಅಷ್ಟೇ.

ಸೊಪ್ಪುಸಾರು:
ಕೆರೆಏರಿ ಹೇಳಿದ್ದು ಸರಿ, ಆದರೆ ಅದು ಮುದ್ದೆಗೆ ಮಾತ್ರ. ಸಾರಲ್ಲಿರೋ ಕಾಳು, ಮಾಂಸದ ತುಂಡನ್ನ ಅಗಿಯಲೇಬೇಕು. ಕಾಳಿನ ಸಿಪ್ಪೆ ಒಡೆಯೋ ಕಿಣ್ವ ನಮ್ಮಲ್ಲಿಲ್ಲ, ಇಡೀ ನುಂಗಿದರೆ ಇಡಿಯಾಗೇ ಆಚೆ ಬರುತ್ತೆ.

ಮುದ್ದೆಯ ನಿಜವಾದ ತೊಂದರೆ ಅನ್ನನಾಳದಲ್ಲಿ. ಅದು ಸುಮಾರು 25 ಸೆಂಟಿಮೀಟರ್ ಉದ್ದ, ಕೆಳತುದಿ ಬಿಗಿ. ವಯಸ್ಸಾದವರಿಗೆ, ಬಾಯಿ ಒಣಗೋ ಮಾತ್ರೆ ತಗೊಳ್ಳೋರಿಗೆ ಆರಿ ಗಟ್ಟಿಯಾದ ಮುದ್ದೆ ಕೊಡಬೇಡಿ. ಬಿಸಿ ಇರುವಾಗಲೇ ಚಿಕ್ಕ ತುತ್ತು ಮುರಿದು, ಸುತ್ತಲೂ ಸಾರು ಹತ್ತಿಸಿ, ನೆಟ್ಟಗೆ ಕೂತು ನುಂಗಲಿ. ತುತ್ತು ಎದೆಯಲ್ಲಿ ನಿಲ್ಲೋದು ಮತ್ತೆ ಮತ್ತೆ ಆದರೆ ಎಂಡೋಸ್ಕೋಪಿ ಮಾಡಿಸಿ, ‘ಗ್ಯಾಸ್’ ಅಂತ ತಳ್ಳಿಹಾಕಬೇಡಿ.

ನಾಟಿ ಕೋಳಿ ಸಾರಲ್ಲಿ ಮೂಳೆ ಸಿಕ್ಕಿಕೊಂಡರೆ ದೊಡ್ಡ ತುತ್ತು ಮುದ್ದೆ ನುಂಗಿ ತಳ್ಳೋ ರೂಢಿ ಇದೆಯಲ್ಲ, ಅದು ಅಪಾಯ. ಚೂಪು ಮೂಳೆ ಅನ್ನನಾಳದ ಗೋಡೆಗೆ ಇನ್ನೂ ಆಳ ನೆಡುತ್ತೆ, ತೂತೂ ಆಗಬಹುದು. ಏನೂ ತಿನ್ನದೆ ಆಸ್ಪತ್ರೆಗೆ ಹೋಗಬೇಕು. ಎಂಜಲನ್ನೂ ನುಂಗಲು ಆಗದಿದ್ದರೆ ಬೆಳಗಿನವರೆಗೂ ಕಾಯಬಾರದು.

ಹಿತ್ಲಮನೆ:
ಮೂಳೆ ವಿಷಯ ಗೊತ್ತಿರಲಿಲ್ಲ, ಥ್ಯಾಂಕ್ಸ್. ಹುರುಳಿ?

ಕಟ್ಟುಒಗ್ಗರಣೆ:
ಹೆಚ್ಚಿನ ಪಾಲು ಕಾಳಿಂದ. ಹುರುಳಿಯಲ್ಲಿ ರ‍್ಯಾಫಿನೋಸ್, ಸ್ಟ್ಯಾಕಿಯೋಸ್ ಅನ್ನೋ ಸಕ್ಕರೆಗಳಿವೆ. ಅವನ್ನ ಒಡೆಯೋ ಕಿಣ್ವ ನಮ್ಮ ಸಣ್ಣ ಕರುಳಲ್ಲಿಲ್ಲ. ದೊಡ್ಡ ಕರುಳಿಗೆ ಹಾಗೇ ಇಳಿದಾಗ ಬ್ಯಾಕ್ಟೀರಿಯಾ ಹುದುಗಿಸಿ ಹೈಡ್ರೋಜನ್, ಇಂಗಾಲದ ಡೈಆಕ್ಸೈಡ್, ಕೆಲವರಲ್ಲಿ ಮೀಥೇನ್ ಬಿಡುತ್ತವೆ. ಅಲ್ಲಿಗೆ ತಲುಪೋಕೆ ಹಲವು ಗಂಟೆ ಬೇಕು, ಹಾಗಾಗಿ ರಾತ್ರಿ ಉಂಡ ಹುರುಳಿ ನಡುರಾತ್ರಿಯೋ ಬೆಳಿಗ್ಗೆಯೋ ಸದ್ದು ಮಾಡುತ್ತೆ. ಉಂಡ ಕೂಡಲೇ ಬರೋ ತೇಗು ಬೇರೆ, ಅದು ಬಹುತೇಕ ನುಂಗಿದ ಗಾಳಿ.

ರಾತ್ರಿಯಿಡೀ ನೆನೆಸಿ ಆ ನೀರು ಚೆಲ್ಲಿದರೆ ಸ್ವಲ್ಪ ಕಮ್ಮಿ ಆಗುತ್ತೆ, ಮೊಳಕೆ ಕಟ್ಟಿದರೆ ಇನ್ನೂ ಕಮ್ಮಿ: ಮೊಳೆಯುವಾಗ ಕಾಳೇ ಆ ಸಕ್ಕರೆಗಳನ್ನ ಬಳಸಿಕೊಳ್ಳುತ್ತೆ. ಬಸ್ಸಾರಲ್ಲಿ ಮಾತ್ರ ಒಂದು ತೊಡಕು. ಬೇಯಿಸಿದ ನೀರಿಗೆ ಇಳಿದ ಸಕ್ಕರೆ ಬಸಿದ ಕಟ್ಟಲ್ಲೇ ಇರುತ್ತೆ, ಆ ಕಟ್ಟನ್ನೇ ಸಾರು ಮಾಡ್ತೀವಿ. ಕಟ್ಟು ಚೆಲ್ಲಿದರೆ ಬಸ್ಸಾರೇ ಇಲ್ಲ, ಅದಕ್ಕೆ ನೆನೆಸಿದ ನೀರಾದರೂ ಚೆಲ್ಲಿ.